ಎಂಟು ಸಾಲುಗಳಲ್ಲಿ ಒಂದು ಹಾಡು

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯಾದುದು 1117ರಲ್ಲಿ. ಅಂದಿನಿಂದ ಇಂದಿನವರೆಗೆ ಅಲ್ಲಿಯ ಶಿಲಾಬಾಲಿಕೆಯರ ಬಳಿ ನಿಂತ ವಾದ್ಯಗಾರರು ಮದ್ದಳೆಯ ಮೇಲಿಟ್ಟ ಕೈಯನ್ನು ತೆಗೆದಿಲ್ಲ. ಬೆರಳುಗಳ ಬಾಗು, ಕೊರಳಿನ ಕೊಂಕು, ತಾಳಕ್ಕೆ ತಕ್ಕಂತೆ ಎತ್ತಿದ ಹಿಮ್ಮಡಿ, ಎಲ್ಲವೂ ಅಚ್ಚಳಿಯದೆ ಉಳಿದಿವೆ. ಆದರೆ ಆ ಬೆರಳಿನಿಂದ ಹೊಮ್ಮಿದ ಪೆಟ್ಟು ಯಾವುದು, ಆ ತಾಳಕ್ಕೆ ಹಾಡುತ್ತಿದ್ದವರ ಶ್ರುತಿ ಯಾವುದು ಎಂಬುದನ್ನು ಹೇಳಬಲ್ಲವರಿಲ್ಲ. ಶಿಲೆ ರೂಪವನ್ನು ಹಿಡಿದಿಟ್ಟಿತು. ನಾದವನ್ನು ಹಿಡಿಯುವುದು ಅದಕ್ಕೆ ಸಾಧ್ಯವಾಗಲಿಲ್ಲ.

ಹೊಯ್ಸಳರ ಶಿಲ್ಪಿಗೆ ಅಸಾಧ್ಯವಾದ ಆ ಕಾರ್ಯವು ಇಂದು ಹಾಸನದ ಒಂದು ಸಾಧಾರಣ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಪಂಚಾಂಗದ ಪುಸ್ತಕಕ್ಕಿಂತ ತುಸು ದೊಡ್ಡದಾದ ಒಂದು ಪೆಟ್ಟಿಗೆಯಿಂದ ಸಾಧ್ಯವಾಗುತ್ತದೆ. ಡಿಜಿಟಲ್ ಮಲ್ಟಿಟ್ರ್ಯಾಕ್ ರೆಕಾರ್ಡರ್ ಎಂಬುದು ಅದರ ಹೆಸರು. ತಾಯಿ ಹಾಡಿದ ದೇವರನಾಮವನ್ನು ಒಂದು ಸಾಲಿನಲ್ಲಿ, ತಂದೆಯ ವೀಣೆಯನ್ನು ಇನ್ನೊಂದರಲ್ಲಿ, ಮಗನ ಮೃದಂಗವನ್ನು ಮತ್ತೆರಡರಲ್ಲಿ ಬೇರೆಬೇರೆಯಾಗಿ ಬರೆದುಕೊಂಡು, ಕೊನೆಗೆ ಎಲ್ಲವನ್ನೂ ಒಂದೇ ಹಾಡಾಗಿ ಹೊಂದಿಸಿ ಕೊಡುವ ಯಂತ್ರ ಇದು. ಹೊಲದಲ್ಲಿ ಆಲೂಗಡ್ಡೆಯ ಸಾಲುಗಳನ್ನು ಕಂಡವರಿಗೆ ಇದರ ರಹಸ್ಯವನ್ನು ವಿವರಿಸುವುದು ಕಷ್ಟವಲ್ಲ. ಸಾಲು ಸಾಲಿಗೂ ಬೇರೆ ಬೀಜ ಹಾಕಬಹುದು. ಒಂದು ಸಾಲು ಕೆಟ್ಟರೆ ಅದನ್ನಷ್ಟೇ ಕಿತ್ತು ಮತ್ತೆ ನೆಡಬಹುದು. ಆದರೆ ಹೊಲ ಮಾತ್ರ ಒಂದೇ.

ತಂಬೂರಿಯ ನಾಡು

ಇಂತಹ ಯಂತ್ರಕ್ಕೆ ಹಾಸನ ಜಿಲ್ಲೆಗಿಂತ ಯೋಗ್ಯವಾದ ನೆಲ ದೊರೆಯುವುದು ವಿರಳ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಮನೆಮನೆಯಲ್ಲಿ ಸಂಗೀತವನ್ನು ಸಾಕಿ ಬೆಳೆಸಿದ ಗ್ರಾಮ. 1920ರ ಜನವರಿಯಲ್ಲಿ ಅಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರು ತಂದೆ ಕೃಷ್ಣಶಾಸ್ತ್ರಿಗಳಿಂದಲೂ ಅಣ್ಣ ಪಿಟೀಲು ವಿದ್ವಾಂಸ ವೆಂಕಟರಾಮಶಾಸ್ತ್ರಿಗಳಿಂದಲೂ ವಿದ್ಯೆಯನ್ನು ಪಡೆದು, ಆಕಾಶವಾಣಿಯಲ್ಲಿ ಮೂರು ದಶಕಗಳಷ್ಟು ಕಾಲ ಸೇವೆ ಸಲ್ಲಿಸಿ, 2011ರಲ್ಲಿ ಪದ್ಮಭೂಷಣರಾದರು. ವಯಸ್ಸು ತೊಂಬತ್ತು ದಾಟಿದ ಮೇಲೂ ವೇದಿಕೆಯನ್ನೇರಿ ಹಾಡಿ, 2014ರ ಫೆಬ್ರವರಿಯಲ್ಲಿ ನಾದದಲ್ಲಿ ಲೀನರಾದರು. ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ಆರ್. ಎನ್. ತ್ಯಾಗರಾಜನ್ ಮತ್ತು ಆರ್. ಎನ್. ತಾರಾನಾಥನ್ ಅವರ ಮೂಲವೂ ಇದೇ ಊರು. ಗಾಯಕ ಆರ್. ಕೆ. ಪದ್ಮನಾಭ ಅವರು ತಮ್ಮ ಹುಟ್ಟೂರಿನಲ್ಲಿ ಸಪ್ತಸ್ವರಗಳಿಗೆಂದೇ ತಂಬೂರಿಯ ಆಕಾರದ ಧ್ಯಾನಮಂದಿರವೊಂದನ್ನು ಕಟ್ಟಿಸಿದ್ದಾರೆ. ಅಲ್ಲಿ ಸಂಗೀತೋತ್ಸವವೂ ನಡೆದುಬಂದಿದೆ.

ರುದ್ರಪಟ್ಟಣದಲ್ಲಿ ಸಂಗೀತವು ಮೊದಲು ಸಭಾಂಗಣದ ವಿದ್ಯೆಯಾಗಿರಲಿಲ್ಲ, ಮನೆಯ ವಿದ್ಯೆಯಾಗಿತ್ತೆಂಬುದನ್ನು ಮರೆಯಲಾಗದು. ಅಣ್ಣನಿಂದ ತಮ್ಮನಿಗೆ, ತಂದೆಯಿಂದ ಮಗನಿಗೆ ಪಾಠವಾದದ್ದು ಹಜಾರದಲ್ಲಿ, ಜಗುಲಿಯ ಮೇಲೆ. ಮನೆಯಲ್ಲಿ ಹುಟ್ಟಿದ ಸಂಗೀತವನ್ನು ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ಕಾಲ ಮಾತ್ರ ಬರಬೇಕಾಗಿತ್ತು. ಅದು ಬರಲು ಒಂದು ಶತಮಾನವೇ ಹಿಡಿಯಿತು.

ಮೇಣದಿಂದ ಸಂಖ್ಯೆಗೆ

1902ರ ನವೆಂಬರ್ ತಿಂಗಳಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಕೊಳವೆಯೊಂದರ ಬಾಯಿಗೆ ಮುಖವಿಟ್ಟು ಹಾಡಿದಳು. ಗ್ರಾಮಾಫೋನ್ ಕಂಪನಿಗಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಅದನ್ನು ಮೇಣದ ತಟ್ಟೆಯ ಮೇಲೆ ಕೆತ್ತಿಸಿಕೊಂಡ. ಭಾರತದಲ್ಲಿ ಗ್ರಾಮಾಫೋನ್ ತಟ್ಟೆಯ ಯುಗ ಅಲ್ಲಿಂದ ಮೊದಲಾಯಿತು. ಅದೇ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದಳೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಆ ಕಾಲದ ಗಾಯಕರಿಗೆ ದೊರೆಯುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ಆ ಮೂರು ನಿಮಿಷಗಳಲ್ಲಿ ಮೃದಂಗದವನ ಬೆರಳು ತಪ್ಪಿದರೂ, ಗಾಯಕನಿಗೆ ಕೆಮ್ಮು ಬಂದರೂ ಇಡೀ ತಟ್ಟೆಯೇ ವ್ಯರ್ಥ. ಎಲ್ಲರೂ ಏಕಕಾಲದಲ್ಲಿ ಸರಿಯಾಗಿರಬೇಕು. ಇಲ್ಲವೆ ಎಲ್ಲರೂ ಮೊದಲಿನಿಂದ ಹಾಡಬೇಕು.

ಮನೆಯೊಂದು ನಾದದ ಕೇಂದ್ರವಾಗಬಲ್ಲದೆಂಬುದನ್ನು ತೋರಿಸಿಕೊಟ್ಟವರು ಮೈಸೂರಿನವರೇ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶವು ತನ್ನದಾಗಿಸಿಕೊಂಡಿತು. ಆದರೆ ಬಾನುಲಿಯು ನಾದವನ್ನು ಹರಡಿತೇ ಹೊರತು ಮನೆಯವರ ಕೈಗೆ ಅದನ್ನು ಕೂಡಿಡುವ ಸಾಧನವನ್ನು ಕೊಡಲಿಲ್ಲ.

ಕಾಂತೀಯ ಟೇಪು ಬಂದ ಮೇಲೆ ಸಾಲುಗಳ ಕಲ್ಪನೆ ಬೆಳೆಯಿತು. 1957ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆಯು ಗಿಟಾರ್ ವಾದಕ ಲೆಸ್ ಪಾಲ್‌ಗೆ ಎಂಟು ಸಾಲುಗಳ ಟೇಪು ಯಂತ್ರವನ್ನು ತಯಾರಿಸಿಕೊಟ್ಟಿತು. ಆಳೆತ್ತರದ ಆ ಯಂತ್ರ ಸಾಮಾನ್ಯರಿಗೆ ನಿಲುಕುವಂತಹುದಾಗಿರಲಿಲ್ಲ. ಬೀಟಲ್ಸ್ ತಂಡದ 1967ರ ಪ್ರಸಿದ್ಧ ತಟ್ಟೆ ‘ಸಾರ್ಜೆಂಟ್ ಪೆಪ್ಪರ್’ ಕೂಡ ನಾಲ್ಕು ಸಾಲುಗಳ ಯಂತ್ರಗಳಲ್ಲಿಯೇ ಸಿದ್ಧವಾಯಿತು. 1979ರಲ್ಲಿ ಜಪಾನಿನ ಟಾಸ್ಕಾಮ್ ಸಂಸ್ಥೆಯ ಪೋರ್ಟಸ್ಟುಡಿಯೋ ಮಾರುಕಟ್ಟೆಗೆ ಬಂದಾಗ ನಾಲ್ಕು ಸಾಲುಗಳು ಸಾಧಾರಣ ಕ್ಯಾಸೆಟ್ಟಿನೊಳಗೆ ಸೇರಿಕೊಂಡವು, ಯಂತ್ರ ಮೇಜಿನ ಮೇಲೆ ಬಂದು ಕುಳಿತಿತು. ಅದೇ 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಎಲ್ಲಿಯೋ ಜಪಾನು, ಎಲ್ಲಿಯೋ ಬೆಂಗಳೂರು; ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಪೆಟ್ಟಿಗೆಗಳು ಮುಂದೆ ಒಂದೇ ಕೋಣೆಯಲ್ಲಿ ಸಂಧಿಸಬೇಕೆಂದಿತ್ತು.

ಕನ್ನಡದಲ್ಲಿ ಕವಿ ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂದು ಭಾವಗೀತೆಯನ್ನು ಮನೆಮನೆಗೆ ತಲುಪಿಸಿತು. ಕನ್ನಡ ಚಲನಚಿತ್ರಗೀತೆಗಳಿಗಾಗಿ ಬಹುಕಾಲ ಮದರಾಸಿನ ದಾರಿ ಹಿಡಿಯಬೇಕಾಗಿದ್ದ ಸ್ಥಿತಿಯಲ್ಲಿ, ನಟ ಶಂಕರ್ ನಾಗ್ ಅವರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಿದರು. ಆಗಲೂ ಅರಕಲಗೂಡಿನ ಗಾಯಕಿಗೆ ಬೆಂಗಳೂರು ದೂರವೇ. ಗಂಟೆಯ ಲೆಕ್ಕದ ಬಾಡಿಗೆ ಇನ್ನೂ ದೂರ. 1991ರಲ್ಲಿ ಅಮೆರಿಕದ ಅಲೆಸಿಸ್ ಸಂಸ್ಥೆಯು ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಸಾಲುಗಳನ್ನು ಅಂಕಿಗಳ ರೂಪದಲ್ಲಿ ಬರೆಯುವ ಯಂತ್ರವನ್ನು ಪ್ರಕಟಿಸಿತು. 1996ರಲ್ಲಿ ಜಪಾನಿನ ರೋಲಾಂಡ್ ಸಂಸ್ಥೆಯ ಯಂತ್ರದಲ್ಲಿ ಟೇಪೇ ಮಾಯವಾಯಿತು. ಅನಂತರ ಬಂದ ಜೂಮ್, ಟಾಸ್ಕಾಮ್ ಮೊದಲಾದ ಸಂಸ್ಥೆಗಳ ಚಿಕ್ಕ ಯಂತ್ರಗಳಲ್ಲಿ ಹಾಡು ಕುಳಿತಿರುವುದು ಅಂಚೆಚೀಟಿಯಷ್ಟು ಅಗಲದ ಒಂದು ಬಿಲ್ಲೆಯಲ್ಲಿ.

ಚುಕ್ಕಿ ರಂಗೋಲಿಯ ಲೆಕ್ಕ

ಧ್ವನಿ ಅಂಕಿಯಾಗುವುದು ಹೇಗೆ? ಬೆಳಗಿನ ಹೊಸ್ತಿಲ ರಂಗೋಲಿಯನ್ನು ನೆನೆದರೆ ಸಾಕು. ಮೊದಲು ಚುಕ್ಕಿ, ಆಮೇಲೆ ಚುಕ್ಕಿಗಳನ್ನು ಸೇರಿಸುವ ಗೆರೆ. ಯಂತ್ರವು ಗಾಳಿಯಲ್ಲಿ ಬರುವ ನಾದದ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಒಂದೊಂದು ಅಳತೆಯನ್ನೂ ಒಂದು ಚುಕ್ಕಿಯಾಗಿ ಬರೆದಿಡುತ್ತದೆ. ಮನುಷ್ಯನ ಕಿವಿ ಕೇಳಬಲ್ಲ ಅತಿ ಸೂಕ್ಷ್ಮವಾದ ತಾರಧ್ವನಿ ಸೆಕೆಂಡಿಗೆ ಸುಮಾರು 20,000 ಕಂಪನಗಳದು. ಅದರ ಎರಡರಷ್ಟಕ್ಕಿಂತ ಹೆಚ್ಚು ಚುಕ್ಕಿಗಳಿದ್ದರೆ ಗೆರೆ ತಪ್ಪುವುದಿಲ್ಲವೆಂಬುದು ಶಾಸ್ತ್ರ. ಪ್ರತಿ ಚುಕ್ಕಿಯ ಎತ್ತರವನ್ನು ಗುರುತಿಸಲು 16 ಬಿಟ್ಟಿನ ಯಂತ್ರದಲ್ಲಿ 65,536 ಮೆಟ್ಟಿಲುಗಳಿದ್ದರೆ, 24 ಬಿಟ್ಟಿನದರಲ್ಲಿ 1,67,77,216 ಮೆಟ್ಟಿಲುಗಳು. ಮೀಟಿ ಬಿಟ್ಟ ವೀಣೆಯ ತಂತಿಯ ನಾದವು ಕ್ಷೀಣಿಸುತ್ತ ಮೌನವನ್ನು ಸೇರುವ ತುದಿಯಲ್ಲಿ ಈ ಸಣ್ಣ ಮೆಟ್ಟಿಲುಗಳ ಬೆಲೆ ಅರಿವಾಗುತ್ತದೆ.

ಲೆಕ್ಕ ದೊಡ್ಡದಾದರೂ ಜಾಗ ಚಿಕ್ಕದು. 24 ಬಿಟ್ಟಿನಲ್ಲಿ ಒಂದು ಸಾಲಿನ ಒಂದು ನಿಮಿಷಕ್ಕೆ ಸುಮಾರು 8 ಮೆಗಾಬೈಟ್ ಬೇಕು. ಎಂಟು ಸಾಲುಗಳ ಐದು ನಿಮಿಷದ ಹಾಡಿಗೆ ಸುಮಾರು 320. 32 ಗಿಗಾಬೈಟ್ ಬಿಲ್ಲೆಯೊಂದರಲ್ಲಿ ಅಂತಹ ನೂರರಷ್ಟು ಹಾಡುಗಳು ಹಿಡಿಯುತ್ತವೆ.

ಇದೆಲ್ಲವನ್ನೂ ಕಂಪ್ಯೂಟರೂ ಮಾಡಬಲ್ಲದಲ್ಲವೆ ಎಂದು ಮನೆಯ ಕಿರಿಯರು ಕೇಳುವುದು ಸಹಜ. ಮಾಡಬಲ್ಲದು, ಇದಕ್ಕಿಂತ ಹೆಚ್ಚನ್ನೂ ಮಾಡಬಲ್ಲದು. ಆದರೆ ಈ ಪೆಟ್ಟಿಗೆಗೆ ಬೇರೆ ಕೆಲಸವಿಲ್ಲ. ಹಾಡಿನ ನಡುವೆ ಅದಕ್ಕೆ ಸಂದೇಶ ಬರುವುದಿಲ್ಲ, ಕರೆ ಬರುವುದಿಲ್ಲ. ಕೆಂಪು ಗುಂಡಿಯನ್ನೊತ್ತಿದರೆ ಬರೆಯುತ್ತದೆ, ಇನ್ನೊಂದನ್ನೊತ್ತಿದರೆ ಹಾಡುತ್ತದೆ. ಕನ್ನಡಕವಿಲ್ಲದೆ ಪರದೆಯನ್ನು ಓದಲಾರದ ಹಿರಿಯರೂ ಅದರ ಜಾರುಗುಂಡಿಯನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಬಲ್ಲರು. ಚಿಕ್ಕ ಮಾದರಿಗಳಲ್ಲಿ ಕೆಲವು ಪೆನ್ಸಿಲ್ ಸೆಲ್ಲುಗಳ ಮೇಲೂ ನಡೆಯುವುದರಿಂದ, ಮಳೆಗಾಲದಲ್ಲಿ ವಿದ್ಯುತ್ತು ಕೈಕೊಟ್ಟರೂ ಹಾಡು ಅರ್ಧಕ್ಕೆ ನಿಲ್ಲದು.

ಕೋಣೆಯೇ ಮೊದಲ ವಾದ್ಯ

ಯಂತ್ರವನ್ನು ಕೊಂಡ ಕೂಡಲೇ ಹಾಡಲು ಕುಳಿತವರಿಗೆ ಮೊದಲ ನಿರಾಶೆ ಕಾದಿರುತ್ತದೆ. ಕಿವಿಗೆ ಕೇಳಿಸದ ಸದ್ದುಗಳೆಲ್ಲ ಯಂತ್ರಕ್ಕೆ ಕೇಳಿಸುತ್ತವೆ. ಹೊಳೆನರಸೀಪುರದಲ್ಲಿ ಮೈಸೂರಿನ ರೈಲು, ಚನ್ನರಾಯಪಟ್ಟಣದಲ್ಲಿ ಹೆದ್ದಾರಿಯ ಲಾರಿ, ಎಲ್ಲ ಊರುಗಳಲ್ಲಿಯೂ ಕುಕ್ಕರಿನ ಸೀಟಿ, ಬೀದಿನಾಯಿ, ಫ್ಯಾನಿನ ಗುಂಯ್‌ಗಾಟ. ಗೃಹವಿದ್ಯುತ್ತಿನ ಸೆಕೆಂಡಿಗೆ 50 ಆವರ್ತನೆಗಳು ಕಳಪೆ ತಂತಿಯ ಮೂಲಕ ನುಸುಳಿ ಹಾಡಿನ ಬುಡದಲ್ಲಿ ಅಪಸ್ವರದ ತಂಬೂರಿಯೊಂದನ್ನು ಮೀಟತೊಡಗುತ್ತವೆ. ಭೂಸಂಪರ್ಕ ಸರಿಯಿರುವ ಪ್ಲಗ್ಗು, ಗಟ್ಟಿಯಾದ ತಂತಿ ಇವು ಯಂತ್ರದಷ್ಟೇ ಮುಖ್ಯ.

ಗಾರೆಯ ನೆಲ, ಬೋಳು ಗೋಡೆ, ಗಾಜಿನ ಕಿಟಕಿಗಳಿರುವ ಕೋಣೆಯಲ್ಲಿ ಧ್ವನಿ ಗೋಡೆಯಿಂದ ಗೋಡೆಗೆ ಪುಟಿದು ಬಾವಿಯೊಳಗೆ ಹಾಡಿದಂತಾಗುತ್ತದೆ. ಇದಕ್ಕೆ ದುಬಾರಿಯ ಪರಿಹಾರವೇನೂ ಬೇಡ. ಅಜ್ಜಿಯ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಗಾಯಕಿಯ ಬೆನ್ನ ಹಿಂದೆ ಹಗ್ಗಕ್ಕೆ ತೂಗುಹಾಕಿದರೆ, ನೆಲಕ್ಕೆ ಜಮಖಾನೆ ಹಾಸಿದರೆ, ಮೂಲೆಯಲ್ಲಿ ಹಾಸಿಗೆಯೊಂದನ್ನು ಒರಗಿಸಿದರೆ ಅರ್ಧ ಕಾರ್ಯವಾದಂತೆ. ಪುಸ್ತಕ ತುಂಬಿದ ಕಪಾಟು ಇನ್ನೂ ಒಳ್ಳೆಯದು. ಸಾಹಿತ್ಯವು ಸಂಗೀತಕ್ಕೆ ಮಾಡಬಲ್ಲ ಉಪಕಾರಗಳಲ್ಲಿ ಇದೂ ಒಂದು.

ಹಾಡುವವರ ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ವೀಣೆಗೆ ಒಂದೂವರೆ ಅಡಿಯ ದೂರ, ಕೊಡದ ಕಡೆಗೆ ಮೋರೆ. ಮೃದಂಗದ ಬಲಕ್ಕೊಂದು, ಎಡಕ್ಕೊಂದು ಮೈಕಿಟ್ಟು ಎರಡು ಸಾಲುಗಳಲ್ಲಿ ಬರೆದರೆ ಎರಡು ಮೋರೆಗಳ ನಾದವನ್ನೂ ಬೇಕಾದಂತೆ ತೂಗಬಹುದು. ಧ್ವನಿಯ ಪ್ರಮಾಣದ ವಿಷಯದಲ್ಲಿ ಮಾತ್ರ ಒಲೆಯ ಮೇಲಿನ ಹಾಲನ್ನು ಕಾಯುವ ಎಚ್ಚರ ಬೇಕು. ಪಾತ್ರೆಯನ್ನು ಕಂಠಪೂರ್ತಿ ತುಂಬಿದರೆ ಉಕ್ಕುವುದು ಖಂಡಿತ. ಅಳತೆಯ ದೀಪವು ಸೊನ್ನೆಯನ್ನು ಮುಟ್ಟಿ ಕೆಂಪಾದರೆ ಅಲೆಯ ತಲೆ ಕತ್ತರಿಸಿತೆಂದೇ ಅರ್ಥ. ಅದನ್ನು ಸರಿಪಡಿಸಲು ಬಾರದು. ತಾರಸ್ಥಾಯಿಯ ಗಟ್ಟಿಯಾದ ಸ್ವರವೂ ಋಣ 12 ಡೆಸಿಬೆಲ್ಲಿನ ಆಸುಪಾಸಿನಲ್ಲಿಯೇ ನಿಲ್ಲುವಂತೆ ಮೊದಲೇ ಹೊಂದಿಸಿಕೊಂಡರೆ ಹಾಲು ಉಕ್ಕದು.

ಒಂದರ ಮೇಲೊಂದು ಎಳೆ

ಒಂದು ಮನೆಯನ್ನು ಎಣಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ, ಊಟ ಮುಗಿದಿದೆ. ಮೊದಲ ಸಾಲಿಗೆ ತಂಬೂರಿ. ಎಲ್ಲರೂ ಒರಗಬೇಕಾದ ಗೋಡೆ ಅದು. ಶ್ರುತಿ ಒಮ್ಮೆ ನಿಂತ ಮೇಲೆ ಬದಲಾಗಕೂಡದು. ಎರಡನೆಯ ಸಾಲಿನಲ್ಲಿ ತಾಯಿ ಕೈಯಲ್ಲಿ ತಾಳ ಹಾಕುತ್ತ ಹಾಡನ್ನು ಒಮ್ಮೆ ಸುಮ್ಮನೆ ಹೇಳಿಬಿಡುತ್ತಾರೆ. ಮನೆ ಕಟ್ಟುವಾಗಿನ ಸಾರುವೆಯಂತೆ ಇದು ಕೊನೆಗೆ ತೆಗೆದುಹಾಕುವಂಥದು. ಹಾಡಿಗೆ ಮೊದಲು ಆದಿತಾಳದ ಒಂದು ಆವರ್ತ, ಎಂಟು ಅಕ್ಷರಗಳನ್ನು ಕೈಯಲ್ಲಿ ಎಣಿಸಿಟ್ಟರೆ, ಅನಂತರ ಬರುವವರಿಗೆ ಎಲ್ಲಿ ಹೊರಡಬೇಕೆಂಬುದು ತಿಳಿಯುತ್ತದೆ. ಮಗ ಕಿವಿಗೆ ಹೆಡ್‌ಫೋನ್ ಧರಿಸಿ ತಾಯಿಯ ದನಿಯನ್ನು ಕೇಳುತ್ತ ಮೃದಂಗ ನುಡಿಸುತ್ತಾನೆ. ತಂದೆ ವೀಣೆಯನ್ನು ಸೇರಿಸುತ್ತಾರೆ. ಈಗ ವೀಣೆಯೂ ಮೃದಂಗವೂ ಕಿವಿ ತುಂಬಿರುವಾಗ ತಾಯಿ ಎರಡನೆಯ ಬಾರಿ ಹಾಡುತ್ತಾರೆ. ಅದೇ ನಿಜವಾದ ಹಾಡು.

ಕೊನೆಯ ಕೆಲಸ ಹದಗೊಳಿಸುವುದು. ಗಾಯನವನ್ನು ನಡುವಿಗೆ, ವೀಣೆಯನ್ನು ಸ್ವಲ್ಪ ಎಡಕ್ಕೆ, ಮೃದಂಗವನ್ನು ಬಲಕ್ಕೆ, ತಂಬೂರಿಯನ್ನು ಎಲ್ಲರ ಹಿಂದೆ ಕೂರಿಸಿದರೆ ಕಛೇರಿಯ ವೇದಿಕೆ ಕಣ್ಣಿಗೆ ಕಟ್ಟುತ್ತದೆ. ದೇವಾಲಯದ ಪ್ರಾಕಾರದ ಮಾರ್ದನಿಯನ್ನು ಯಂತ್ರವೇ ಸೇರಿಸಬಲ್ಲದು. ಆದರೆ ಅದು ಒಗ್ಗರಣೆಯ ಇಂಗಿನಂತೆ; ಇದ್ದುದು ತಿಳಿಯಬಾರದು, ಇಲ್ಲದಿದ್ದರೆ ಮಾತ್ರ ತಿಳಿಯಬೇಕು.

ಇನ್ನೊಂದು ಅನುಕೂಲವೂ ಉಂಟು. ಗುರುವಿನ ಗಾಯನ, ಪಿಟೀಲು, ಮೃದಂಗಗಳು ಬೇರೆಬೇರೆ ಸಾಲುಗಳಲ್ಲಿದ್ದರೆ, ಪಿಟೀಲಿನ ವಿದ್ಯಾರ್ಥಿನಿ ಪಿಟೀಲಿನ ಸಾಲನ್ನು ಮಾತ್ರ ಮೌನಗೊಳಿಸಿ, ಆ ಸ್ಥಾನದಲ್ಲಿ ತಾನು ಕುಳಿತು ನುಡಿಸಬಹುದು. ಗುರುವಿರುವ ಊರಿಗೆ ದಿನವೂ ಹೋಗಲಾಗದ ಮಕ್ಕಳಿಗೆ ಇದಕ್ಕಿಂತ ತಾಳ್ಮೆಯುಳ್ಳ ಸಹಪಾಠಿ ದೊರೆಯಲಾರದು.

ಯಂತ್ರ ಕೇಳದ ಮಾತು

ಹಾಗಾದರೆ ಕೊರತೆಯೇ ಇಲ್ಲವೆ? ಇದೆ, ಅದು ದೊಡ್ಡದೇ. ಕರ್ನಾಟಕ ಸಂಗೀತದ ಜೀವ ಮನೋಧರ್ಮದಲ್ಲಿದೆ. ಆಲಾಪನೆಯಲ್ಲಿ ಗಾಯಕ ಬಿಟ್ಟ ಎಳೆಯನ್ನು ಪಿಟೀಲು ಎತ್ತಿಕೊಳ್ಳುತ್ತದೆ. ಕಲ್ಪನಾಸ್ವರದ ತಿರುವಿನಲ್ಲಿ ಗಾಯಕನ ಕಣ್ಣನ್ನು ನೋಡಿಯೇ ಮೃದಂಗದವನು ಮುಕ್ತಾಯವನ್ನು ಊಹಿಸುತ್ತಾನೆ. ಅವನ ಒಂದು ಪೆಟ್ಟು ಗಾಯಕನನ್ನು ಅವನೇ ಎಣಿಸದ ದಾರಿಗೆ ಎಳೆದೊಯ್ಯುತ್ತದೆ. ಸಾಲು ಸಾಲಾಗಿ ಬರೆಯುವಾಗ ಈ ಸಂಭಾಷಣೆ ಒಮ್ಮುಖವಾಗುತ್ತದೆ. ನಂತರ ಬಂದವನು ಮೊದಲಿನವನನ್ನು ಕೇಳುತ್ತಾನೆ. ಮೊದಲು ಹಾಡಿದವನಿಗೆ ನಂತರದವನು ಎಂದಿಗೂ ಕೇಳಿಸುವುದಿಲ್ಲ. ರುದ್ರಪಟ್ಟಣಂ ಸಹೋದರರಂತಹ ಜೋಡಿಗಾಯನದ ಸೊಗಸು ಎರಡು ಕಂಠಗಳನ್ನು ಅಂಟಿಸುವುದರಲ್ಲಿಲ್ಲ, ಎರಡು ಕಂಠಗಳು ಪರಸ್ಪರ ಕಿವಿಗೊಡುವುದರಲ್ಲಿದೆ. ಆದುದರಿಂದ ದೇವರನಾಮ, ಭಾವಗೀತೆ, ಮಕ್ಕಳ ಹಾಡುಗಳಿಗೆ ಸಾಲುಗಳ ವಿಧಾನವು ಒಪ್ಪುವಂತೆ ರಾಗವಿಸ್ತಾರಕ್ಕೆ ಒಪ್ಪದು. ಅಂತಹ ವೇಳೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು, ಏಕಕಾಲದಲ್ಲಿ ಎಂಟು ಮೈಕುಗಳನ್ನು ಸ್ವೀಕರಿಸುವ ಯಂತ್ರಕ್ಕೆ ಹಾಡುವುದೇ ಲೇಸು. ಆಗ ಒಬ್ಬರ ಮೈಕಿಗೆ ಇನ್ನೊಬ್ಬರ ನಾದ ಸೋರುತ್ತದೆ, ತಪ್ಪಿದ ಸಾಲನ್ನು ಬದಲಿಸಲಾಗುವುದಿಲ್ಲ. ಅದು ಸಂಗೀತಕ್ಕೆ ತೆರಬೇಕಾದ ನ್ಯಾಯವಾದ ಬೆಲೆ.

ತಿದ್ದುವ ಶಕ್ತಿಯೂ ಒಂದು ಪ್ರಲೋಭನೆ. ಕೆಟ್ಟ ಸಾಲಿನೊಳಗೆ ಒಂದು ನುಡಿಯನ್ನಷ್ಟೇ ಮತ್ತೆ ಹಾಡಿ ಕೂರಿಸಬಹುದು. ಒಮ್ಮೆ ತಿದ್ದಿದವರು ಹತ್ತು ಬಾರಿ ತಿದ್ದುತ್ತಾರೆ. ಇಪ್ಪತ್ತನೆಯ ತಿದ್ದುಪಡಿಯ ವೇಳೆಗೆ ಹಾಡು ನಿರ್ದೋಷವಾಗಿ, ನಿರ್ಜೀವವೂ ಆಗಿರುತ್ತದೆ. ಮೇಣದ ತಟ್ಟೆಯ ಕಾಲದ ಗಾಯಕರಿಗೆ ಈ ಸೌಕರ್ಯವಿರಲಿಲ್ಲ. ಅವರ ಹಾಡುಗಳು ಇಂದಿಗೂ ಬದುಕಿವೆ.

ಅಜ್ಜಿಯ ಸಾಲು

ಈ ಯಂತ್ರದ ನಿಜವಾದ ತುರ್ತು ಇರುವುದು ಬೇರೆಡೆಯಲ್ಲಿ. ಅರಕಲಗೂಡು, ಹೊಳೆನರಸೀಪುರಗಳ ಹಳೆಯ ಮನೆಗಳಲ್ಲಿ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ತೊಟ್ಟಿಲ ಲಾಲಿಗಳನ್ನು ಬಲ್ಲ ಹಿರಿಯ ಹೆಂಗಸರು ಇನ್ನೂ ಇದ್ದಾರೆ. ಮದುವೆಗಳು ಕಲ್ಯಾಣಮಂಟಪಕ್ಕೆ ಹೋದ ಮೇಲೆ ಧ್ವನಿವರ್ಧಕದ ಗದ್ದಲದಲ್ಲಿ ಆ ಹಾಡುಗಳಿಗೆ ಕರೆ ಬರುವುದಿಲ್ಲ. ಹೆಚ್ಚಾಗಿ ಬಾಯಿಂದ ಬಾಯಿಗೇ ಸಾಗಿಬಂದ ಸಂಕೇತಿ ನುಡಿಯ ಹಾಡುಗಳಂತೂ ಹಾಡುವವರೊಡನೆಯೇ ಮುಗಿದುಹೋಗುವ ಸ್ಥಿತಿಯಲ್ಲಿವೆ. ವಿದ್ವಾಂಸರ ಕಛೇರಿಗಳನ್ನು ಆಕಾಶವಾಣಿ ಕಾಪಾಡಿತು, ಕಂಪನಿಗಳು ಕಾಪಾಡಿದವು. ಅಜ್ಜಿಯ ಹಾಡನ್ನು ಕಾಪಾಡಬೇಕಾದವರು ಮೊಮ್ಮಕ್ಕಳೇ.

ಇದಕ್ಕೆ ಕೆಲವು ಮರ್ಯಾದೆಗಳಿವೆ. ಮೊದಲು ಅವರ ಒಪ್ಪಿಗೆ ಬೇಕು. ಹಾಡು ಮನೆಯೊಳಗೇ ಇರಬೇಕೆ, ಊರೆಲ್ಲ ಕೇಳಬಹುದೆ ಎಂಬುದನ್ನು ಅವರೇ ಹೇಳಬೇಕು. ಅವರಿಗೆ ಹೆಡ್‌ಫೋನ್ ತೊಡಿಸಬಾರದು, ಯಂತ್ರದ ಟಕ್‌ಟಕ್ ತಾಳವನ್ನು ಕೇಳಿಸಬಾರದು. ಬೀಸುಕಲ್ಲಿನ ಲಯ ಅವರೊಳಗೆಯೇ ಇದೆ. ಮೊದಲ ಸಾಲಿನಲ್ಲಿ ಅವರ ದನಿ ಒಂಟಿಯಾಗಿರಲಿ. ಯಾವ ಊರು, ಯಾರಿಂದ ಕಲಿತದ್ದು, ಯಾವ ಶಾಸ್ತ್ರಕ್ಕೆ ಹಾಡುವುದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ ಇನ್ನೊಂದು ಸಾಲಿನಲ್ಲಿ ಇಡಬೇಕು. ವೀಣೆಯನ್ನೋ ಮೃದಂಗವನ್ನೋ ಸೇರಿಸುವ ಆಸೆಯಿದ್ದರೆ ಆಮೇಲೆ ಬೇರೆ ಸಾಲುಗಳಲ್ಲಿ ಸೇರಿಸಿಕೊಳ್ಳಬಹುದು. ಮೂಲದ ಸಾಲು ಮಾತ್ರ ಅಳಿಯದೆ ಹಾಗೆಯೇ ಇರಬೇಕು. ನಡುವೆ ಬರುವ ಕೆಮ್ಮು, ಮರೆತ ನುಡಿಯನ್ನು ನೆನೆಯುವ ಮೌನ, ಬಳೆಯ ಸದ್ದು, ಇವು ತಿದ್ದಬೇಕಾದ ತಪ್ಪುಗಳಲ್ಲ.

ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಕ್ಯಾಸೆಟ್ಟುಗಳಿಗೂ ಇದೇ ಯಂತ್ರವು ಮರುಜನ್ಮ ಕೊಡಬಲ್ಲದು. ಟೇಪ್ ರೆಕಾರ್ಡರಿನ ಹೊರತಂತಿಯನ್ನು ಇದಕ್ಕೆ ಜೋಡಿಸಿದರೆ ಸಾಕು. ಮಲೆನಾಡಿನ ಅಂಚಿನ ತೇವದ ಹವೆಯಲ್ಲಿ ಟೇಪಿಗೆ ಬೂಷ್ಟು ಹಿಡಿಯಲು ಬಹುಕಾಲ ಬೇಡವಾದುದರಿಂದ ಈ ಕಾರ್ಯವನ್ನು ಮುಂದಿನ ಬೇಸಿಗೆಗೆಂದು ದೂಡುವುದು ಕ್ಷೇಮವಲ್ಲ. ಬರೆದದ್ದನ್ನು ಒಂದೇ ಬಿಲ್ಲೆಯಲ್ಲಿ ಇಟ್ಟು ನಿಶ್ಚಿಂತರಾಗುವುದೂ ಸಲ್ಲದು. ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನ ಮಗಳ ಮನೆಯಲ್ಲಿರಲಿ.

ಭಾನುವಾರದ ಮಧ್ಯಾಹ್ನ ಇಳಿಯುತ್ತದೆ. ಕುಕ್ಕರು ಆರಿದೆ, ಫ್ಯಾನು ನಿಂತಿದೆ, ಬೀದಿಯ ನಾಯಿಗೂ ನಿದ್ದೆ ಬಂದಿದೆ. ಕೌದಿಯ ಮುಂದೆ ಕುಳಿತ ಅಜ್ಜಿ ಸೆರಗನ್ನು ಸರಿಪಡಿಸಿಕೊಂಡು, ಯಂತ್ರದ ಕಡೆಗೊಮ್ಮೆ ಅನುಮಾನದಿಂದ ನೋಡಿ, ಯಾವ ಹಾಡು ಬೇಕೆಂದು ಕೇಳುತ್ತಾಳೆ. ಮೊಮ್ಮಗಳ ಬೆರಳು ಕೆಂಪು ಗುಂಡಿಯನ್ನು ಅದಾಗಲೇ ಒತ್ತಿದೆ. ಒಂಬೈನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಉಳಿಯದೆ ಹೋದುದು ಇಂದು ಈ ಕೋಣೆಯಲ್ಲಿ ಉಳಿಯುವುದಾದರೆ, ಅದು ಯಂತ್ರದ ಜಾಣತನದಿಂದಲ್ಲ. ಯಾರೋ ಒಬ್ಬರು ಹೊತ್ತು ಮೀರುವ ಮುನ್ನ ಹಾಡೆಂದು ಕೇಳಿದುದರಿಂದ.